ಗೋಲ್‌ಕೀಪರ್ ಅಪ್ಪನಿಗೆ

ಅಡಿಲೇಡ್, ಜುಲೈ ೧೯೮೪

ಅಪ್ಪಾ,

ನಿನ್ನ ಮರಿಮಗಳು ರೋಹಿಣಿಯೂ ಗೋಲ್‌ಕೀಪರ್. ಹೆಣ್ಣುಮಗುವಿಗೆ ಇದೇ ಆಟ ಬೇಕಿತ್ತೇ? ಇವತ್ತು ಕಿಲ್ಬರ್ನ್ ಮೈದಾನದಲ್ಲಿ ಚೆಂಡಿಗೆ ಹಾರಿ, ತಲೆಗೆ ಬೂಟಿನೇಟು ತಿಂದಳು. ಎದ್ದು ನಕ್ಕು, "ತಾತ, ವಾಟ್ಸ್ ದ ಸ್ಕೋರ್?" ಎಂದಳು. ಹೇಳಿದೆ. ಕಾರಿನಲ್ಲಿ ಮತ್ತೆ ಅದನ್ನೇ ಕೇಳಿದಳು. ಕಾರನ್ನು ಆಸ್ಪತ್ರೆಯತ್ತ ತಿರುಗಿಸಿದೆ.

ಬೆಂಗಳೂರು ದಂಡಿನ ಸೋಲ್ಜರುಗಳ ಬೂಟಿಗೆ ಹನ್ನೆರಡು ವರ್ಷ ಬರಿಗಾಲಲ್ಲಿ ತಲೆಯೊಡ್ಡಿ ಗೋಲು ಕಾದವನು ನೀನು. ಆಮೇಲೆ ಮೂಲೆ ಹಿಡಿದು ಕೂತು, "ಯಾರೋ ಗೆದ್ದಿದ್ದು?" ಎಂದು ದಿನವಿಡೀ ಕೇಳುತ್ತಿದ್ದೆ. ಶಾಲೆ ಬಿಟ್ಟು ಗಿರಣಿ ಸೇರಬೇಕಾದ ಸಿಟ್ಟಿಗೆ ನಾನು, "ನಾಟಕ ಸಾಕು, ಬಾಯಿ ಮುಚ್ಚು" ಎಂದು ಗದರುತ್ತಿದ್ದೆ.

ಡಾಕ್ಟರಾಗಿರುವ ನನ್ನ ಮಗಳು, ರೋಹಿಣಿಯ ಅಮ್ಮ ಸುಲೋಚನಾ, "ಗಾಬರಿ ಬೇಡ ಅಪ್ಪ, ತಲೆ ಸ್ಕ್ಯಾನ್ ಮಾಡಿಸ್ತೀನಿ" ಎಂದು ಅವಳನ್ನು ಒಳಗೆ ಕರೆದೊಯ್ದಿದ್ದಾಳೆ. ಇನ್ನೂ ಬಂದಿಲ್ಲ. ಒಳಗೆ ಹೋಗುವಾಗ ಬಾಗಿಲಲ್ಲಿ ರೋಹಿಣಿ ತಿರುಗಿ ಐದನೆಯ ಸಲ ಅದನ್ನೇ ಕೇಳಿದಳು.

"ಎರಡು ಒಂದು ಕಣಮ್ಮಾ, ನಾವೇ ಗೆದ್ವಿ."

ಮೆಲ್ಲಗೇ ಹೇಳಿದೆ, ಅಪ್ಪ.