ಕೆಂಪು ಪೆನ್ಸಿಲಿನ ಮೂವತ್ತೆಂಟನೇ ಗೀಟು

ಪ್ರೀತಿಯ ಅಕ್ಕ,

ಅತ್ಯಂತ ವಿಷಾದದಿಂದ ಒಂದು ಅಪರಾಧ ಒಪ್ಪಿಕೊಳ್ಳುತ್ತಿದ್ದೇನೆ: ಹಣಕಾಸು ಇಲಾಖೆಯ ಕೆಂಪು ಪೆನ್ಸಿಲೊಂದನ್ನು ಕದ್ದಿದ್ದೇನೆ. ಬೊಕ್ಕಸ ಉಳಿಸಲು ನೇಮಿಸಿದ ಸಮಿತಿಯ ಕಾರ್ಯದರ್ಶಿಯೇ ಬೊಕ್ಕಸಕ್ಕೆ ಕನ್ನ ಹಾಕಿದನಲ್ಲ ಎಂದು ನಗಬೇಡ.

ನಮ್ಮ ವರದಿಗೆ ಎರಡು ಭಾಗವಿತ್ತು. ದೊಡ್ಡ ಕಟ್ಟಡಗಳ ಮೇಲೆ ಇಪ್ಪತ್ತು ವರ್ಷದಿಂದ ಅಲುಗಾಡದ ತೆರಿಗೆಯನ್ನು ಏರಿಸುವುದು ಒಂದು, ಖರ್ಚು ಇಳಿಸುವುದು ಇನ್ನೊಂದು. ಮಂತ್ರಿಗಳು ಮೊದಲನೆಯದನ್ನು ಪಕ್ಕಕ್ಕಿಟ್ಟು, "ಚುನಾವಣೆ ಹತ್ರ ಬಂತು ಕಣ್ರೀ, ಇದನ್ನ ಆಮೇಲೆ ನೋಡೋಣ" ಅಂದರು. ಉಳಿದದ್ದು ಕತ್ತರಿ. ದಿನಕ್ಕೆ ಇಪ್ಪತ್ತು ರೋಗಿಗಳೂ ಬರದ ಸರ್ಕಾರಿ ಆಸ್ಪತ್ರೆಗಳನ್ನೆಲ್ಲ ಮುಚ್ಚಲು ಪಟ್ಟಿಯಲ್ಲಿ ನಾನೇ ಕೆಂಪು ಗೀಟು ಹೊಡೆದೆ.

"ಸಾರ್, ಒಂದ್ಸಲ ಹೋಗಿ ನೋಡ್ಬೇಡ್ವಾ?" ಎಂದು ಗುಮಾಸ್ತ ಕೇಳಿದ.

"ಒಂದೊಂದು ಆಸ್ಪತ್ರೆನೂ ನಂಗೆ ಬಾಯಿಪಾಠ ಕಣಯ್ಯಾ" ಎಂದು ಜಂಭ ಕೊಚ್ಚಿದೆ.

ನಿನ್ನೆ ಆದೇಶಕ್ಕೆ ಸಹಿ ಬಿತ್ತು. ಇನ್ನು ಯಾರ ಕಾಲು ಹಿಡಿದರೂ ಬದಲಾಗದು, ಹಿಡಿದು ನೋಡಿದ್ದೇನೆ. ಪೆನ್ಸಿಲು ಮತ್ತೊಂದು ಗೀಟು ಎಳೆಯದಿರಲಿ ಎಂದು ಜೇಬಿಗಿಳಿಸಿದೆ. ಕಚೇರಿಯಲ್ಲಿ ಅಂಥವು ಇನ್ನೂ ಒಂದು ಡಬ್ಬಿ ಇವೆ.

ನಿನ್ನ ವರ್ಗಾವಣೆಯ ಅರ್ಜಿಯನ್ನು ಇಂದೇ ಕಳಿಸು. ದಿನ ತುಂಬಿದ ಬಸುರಿಯರಿಗೆ ಪಟ್ಟಣದ ಆಸ್ಪತ್ರೆಗೆ ಹೋಗುವ ಬಸ್ಸಿನ ಹೊತ್ತು ಬರೆದುಕೊಡು.

ಪಟ್ಟಿಯಲ್ಲಿ ಊರುಗಳಿರಲಿಲ್ಲ, ಸಂಖ್ಯೆಗಳಿದ್ದವು. ನೀನು ಹನ್ನೊಂದು ವರ್ಷ ನರ್ಸಾಗಿ ದುಡಿದ ಆಸ್ಪತ್ರೆಯೂ ಅದರಲ್ಲಿದೆ ಎಂದು ನನಗೆ ಗೊತ್ತಾದದ್ದು ಇವತ್ತು. ವರದಿ ಮೆಚ್ಚಿ ನನಗೆ ಬಡ್ತಿ ಕೊಟ್ಟರೆಂದು ನಿನಗೆ ಬರೆದ ಪತ್ರದ ಲಕೋಟೆ ನೋಡಿ ಗುಮಾಸ್ತ ಕೇಳಿದ: "ಸಾರ್, ಈ ವಿಳಾಸ ನಮ್ಮ ಮೂವತ್ತೆಂಟಲ್ವಾ?"

ಒಮ್ಮೆಯೂ ನಿನ್ನ ಆಸ್ಪತ್ರೆಗೆ ಬಾರದ,
ತಮ್ಮ