ಅಕ್ಕ ಪರೀಕ್ಷೆ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಮ್ಮನಿಗೆ,

ನೂರು ವರ್ಷ ಚೆನ್ನಾಗಿ ಬಾಳು. ನಿನ್ನ ಎರಡು ಮೆಸೇಜಿಗೂ ಉತ್ತರ ಕೊಡದೆ ಮೂರು ವಾರ ಸುಮ್ಮನಿದ್ದದ್ದು ತಪ್ಪೇ. ಎಡಗಣ್ಣಿನ ಪೊರೆ ತೆಗೆಸಿಕೊಂಡೆ. ಪರದೆ ನೋಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಪೆನ್ನು ಹಿಡಿಯಬೇಡಿ ಎಂದಿಲ್ಲ. ಅದಕ್ಕೇ ಈ ಕಾಗದ. ಅಕ್ಷರ ಸೊಟ್ಟಗಿದ್ದರೆ ಕಣ್ಣನ್ನು ಬೈದುಕೋ, ಮಾತು ಸೊಟ್ಟಗಿದ್ದರೆ ನನ್ನನ್ನು. ನಮ್ಮ ಲೈಬ್ರರಿಯ ಸುದ್ದಿ ಕೊನೆಯಲ್ಲಿ ಬರೆಯುತ್ತೇನೆ.

ಹೊಸ ಕೈಪಿಡಿ ಕಳಿಸಿ, "ಒಂದ್ಸಲ ಕಣ್ಣಾಡಿಸಿಬಿಡು ಅಕ್ಕ, ನಿನಗೆ ಅರ್ಥ ಆದ್ರೆ ಎಲ್ಲರಿಗೂ ಆಗತ್ತೆ" ಎಂದಿದ್ದೀಯ. ಮೂರು ವರ್ಷದ ಹಿಂದೆಯೂ ನೀನು ಇದೇ ಮಾತು ಹೇಳಿದ್ದೆ. ನೀನೂ ನಿನ್ನ ಗೆಳೆಯರೂ ಸೇರಿ ಸಣ್ಣ ಲೈಬ್ರರಿಗಳಿಗೆಂದು ಆ ಸಾಫ್ಟ್‌ವೇರ್ ಮಾಡಿದ್ದಿರಿ. ಕಾಸು ಕೊಡಬೇಕಿಲ್ಲ, ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಅದರ ಕೈಪಿಡಿ ಮಾತ್ರ ಬರೆದವರಿಗೂ ಅರ್ಥವಾಗುವಂತಿರಲಿಲ್ಲ. ನಾನು ಖುಷಿಯಿಂದಲೇ ಕೂತೆ. ಭಾನುವಾರಗಳೆಲ್ಲ ಅದಕ್ಕೇ ಹೋದವು, ಇನ್ನೂರ ಹನ್ನೆರಡು ಪುಟ. ಪ್ರತಿ ಹೆಜ್ಜೆಯನ್ನೂ ಮಾಡಿ ನೋಡಿ ತಿದ್ದಿದೆ. "ಸುಲಭವಾಗಿ" ಎಂಬ ಪದ ಕಂಡಲ್ಲೆಲ್ಲ ಹೊಡೆದುಹಾಕಿದೆ. ಸುಲಭವಾಗಿದ್ದರೆ ಜನ ಕೈಪಿಡಿಯನ್ನು ಯಾಕೆ ತೆರೆಯುತ್ತಿದ್ದರು?

ನಾನು ತಿದ್ದಿದ ಪುಟಗಳ ಕೆಳಗೆ ನಿನ್ನ ತಂಡದವರು "ಅಕ್ಕ ಪರೀಕ್ಷೆ ಆಗಿದೆ" ಎಂದು ಹಾಕತೊಡಗಿದಾಗ ಹಿಗ್ಗಿ ಹೀರೇಕಾಯಿಯಾಗಿದ್ದೆ. ನಮ್ಮ ಬೈಂಡರ್ ಗೋಂದಣ್ಣನಿಗೂ ಕರೆದು ತೋರಿಸಿದೆ. ಅಂಟಿನ ಕೈ ಒರೆಸಿಕೊಂಡು ಬಂದು ನೋಡಿ, "ನಾನು ಯಾವ ಪರೀಕ್ಷೇನೂ ಪಾಸಾದವನಲ್ಲ ಮೇಡಂ, ನಿಮ್ಮ ಹೆಸರಲ್ಲಿ ಪರೀಕ್ಷೇನೇ ಇದೆಯಲ್ಲ" ಎಂದು ನಕ್ಕರು.

ಆಮೇಲೊಂದು ದಿನ, ತಂಡಕ್ಕೆ ಸೇರುವ ಹೊಸಬರಿಗೆಂದು ನೀನು ಬರೆದಿಟ್ಟ ನಿಯಮಗಳನ್ನು ಓದಿದೆ. "ಅಕ್ಕ ಪರೀಕ್ಷೆ: ಏನೂ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆಯೇ ಎಂದು ನೋಡುವುದು." ಪಕ್ಕದಲ್ಲಿ ಯಾರೋ ನಗುವ ಮುಖ ಅಂಟಿಸಿದ್ದರು. ಕೆಲಸ ಮಾಡಿದವರ ಪಟ್ಟಿಯಲ್ಲಿ ನಲವತ್ತು ಹೆಸರಿವೆ. ಒಂದು ಗುಂಡಿಯ ಬಣ್ಣ ಬದಲಿಸಿದವನ ಹೆಸರೂ ಇದೆ, ನನ್ನದಿಲ್ಲ. ಇಪ್ಪತ್ತಾರು ವರ್ಷ ಪುಸ್ತಕ ವಿಂಗಡಿಸಿದವಳು ನಿನ್ನ ಕಣ್ಣಿಗೆ ಏನೂ ಗೊತ್ತಿಲ್ಲದವಳು. ಫೋನಿನಲ್ಲಿ ಕೇಳಿದ್ದಕ್ಕೆ, "ಅಯ್ಯೋ, ಪ್ರೀತಿಯಿಂದ ಇಟ್ಟ ಹೆಸರು ಕಣಕ್ಕ, ತಮಾಷೇನೂ ಅರ್ಥ ಆಗಲ್ವಾ ನಿನಗೆ?" ಎಂದೆ. ನನಗೆ ಅರ್ಥವಾಗದ ಸಂಗತಿಗಳಲ್ಲಿ ಅದೂ ಒಂದಾಯಿತು.

ಅದನ್ನೂ ನುಂಗಿಕೊಂಡೆ. ಆದರೆ ಹಳೆಯ ದಾಖಲೆಗಳನ್ನು ಹೊಸ ಆವೃತ್ತಿಗೆ ಸಾಗಿಸುವ ಪುಟ ನೆನಪಿದೆಯೇ? ಆರನೇ ಹೆಜ್ಜೆ "ಹಳೆಯದನ್ನು ಅಳಿಸಿ", ಏಳನೆಯದು "ಪ್ರತಿ ತೆಗೆದಿಡಿ". ಅಳಿಸಿದ ಮೇಲೆ ಯಾವುದರ ಪ್ರತಿ ತೆಗೆಯುವುದು? ಎರಡನ್ನೂ ಅದಲುಬದಲು ಮಾಡಿ ಎಂದು ಬರೆದು ಕಳಿಸಿದೆ. "ಅಕ್ಕನಿಗೆ ಗೊಂದಲ, ಪುಟ ಸರಿಯಿದೆ" ಎಂದು ಬರೆದು ನೀನು ಮುಗಿಸಿಬಿಟ್ಟೆ. ಇನ್ನೊಮ್ಮೆ ಬರೆದೆ, ಅದನ್ನು ನೀನು ಓದಲೂ ಇಲ್ಲ. ಕಳೆದ ತಿಂಗಳು ಯಾವುದೋ ಲೈಬ್ರರಿಯ ದಾಖಲೆಗಳೆಲ್ಲ ಅಳಿಸಿಹೋದವೆಂದು ಹೆಸರಿಲ್ಲದ ದೂರೊಂದು ಬಂತಲ್ಲ, ಆ ಸಂಜೆಯೇ ಆರು ಏಳಾಯಿತು, ಏಳು ಆರಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ತಪ್ಪು ತೋರಿಸಿಕೊಟ್ಟಿದ್ದಕ್ಕೆ ಆ ದೂರು ಬರೆದವರಿಗೆ ಚೆಂದದ ಧನ್ಯವಾದ ಹೇಳಿದ್ದೀಯ.

ಹೊಸ ಕೈಪಿಡಿಯನ್ನು ನಾನು ಓದುವುದಿಲ್ಲ. ಕಣ್ಣಿನ ನೆಪ ಹೇಳಬಹುದಿತ್ತು. ಬೇಡ, ನನಗೆ ಕೋಪ ಬಂದಿದೆ, ಹಾಗೆಂದೇ ತಿಳಿದುಕೋ.

ನಿನ್ನ ಹೆಂಡತಿಯ ಬೆನ್ನುನೋವು ಬೇಗ ವಾಸಿಯಾಗಲಿ. ಲೆಕ್ಕ ಹೇಳಿಕೊಡುವಾಗ ಮಗಳ ಮೇಲೆ ರೇಗಬೇಡ. ಅವಳು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ತಪ್ಪು ನಿನ್ನ ಉತ್ತರದಲ್ಲೂ ಇರಬಹುದು. ಎಲ್ಲರಿಗೂ ಒಳ್ಳೆಯದಾಗಲಿ.

ಇಂತಿ,
ನಿನಗಿಂತ ಏಳು ವರ್ಷ ಮೊದಲು ಹುಟ್ಟಿದವಳು

ತಾ.ಕ.: ಲೈಬ್ರರಿಯ ಸುದ್ದಿ ಉಳಿದುಹೋಯಿತು. ಆ "ಯಾವುದೋ ಲೈಬ್ರರಿ" ನಮ್ಮದು. ಹೊಸ ಆವೃತ್ತಿಗೆ ಸಾಗಿಸುವ ಕೆಲಸವನ್ನು ರಜೆ ಮುಗಿಸಿ ಬಂದು ಮಾಡೋಣವೆಂದು ಬಿಟ್ಟಿದ್ದೆ. ನನಗೆ ಹೊರೆ ಕಡಿಮೆಯಾಗಲಿ ಎಂದು, ಆಪರೇಷನ್ನಿನ ದಿನ ಗೋಂದಣ್ಣ ತಾವೇ ಕೂತು, ನಿನ್ನ ಪುಟ ನೋಡಿಕೊಂಡು ಒಂದೊಂದೇ ಹೆಜ್ಜೆ ಮಾಡಿದ್ದಾರೆ. ನಾನು ಕೈಯಾರೆ ಟೈಪ್ ಮಾಡಿದ್ದ ಹದಿನೆಂಟು ಸಾವಿರ ಪುಸ್ತಕಗಳ ವಿವರ ಹೋಯಿತು. ಮೇಲಿನವರು ಅವರನ್ನು ಕೆಲಸದಿಂದ ತೆಗೆದರು. ಮರುದಿನ ಮನೆಗೆ ಬಂದವರು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, "ಆರನೇದು ಓದುವಾಗ್ಲೇ ನನಗೂ ಅನುಮಾನ ಬಂತು ಮೇಡಂ. ಆದ್ರೆ ಕೆಳಗೆ ಅಕ್ಕ ಪರೀಕ್ಷೆ ಆಗಿದೆ ಅಂತ ಇತ್ತು. ನೀವು ನೋಡಿದ್ದೀರಿ ಅಂದ್ಮೇಲೆ ಇನ್ನೇನು ಅಂತ ಅಳಿಸಿದೆ" ಎಂದರು.

ಡಾಕ್ಟರ ಮಾತು ಮೀರಿ ಒಂದೇ ಒಂದು ಸಲ ಪರದೆ ನೋಡಿದೆ. ನಾನು ಒಪ್ಪದ ಆ ಪುಟದ ಕೆಳಗೆ ಆ ಮಾತು ಹಾಕಿದ್ದು ನೀನು. ಮೇಲೆ ಸಹಿ ಮಾಡುವಾಗ ಅಕ್ಕ ಎಂದು ಬರೆಯಲು ಕೈ ಏಳಲಿಲ್ಲ. ಆ ಪದವನ್ನು ನಿನ್ನ ಪುಟಗಳಿಂದ ತೆಗೆದ ಮೇಲೆ ಬರೆಯುತ್ತೇನೆ.