ಮರಕ್ಕೂ ಅರ್ಜಿದಾರರಿಗೂ ಇರುವ ಸಂಬಂಧ

ಮಾರ್ಚ್ 4, ಬೆಳಿಗ್ಗೆ 6.00

ಗುಡಿಸಿ ಆಯಿತು. ಎರಡು ಬುಟ್ಟಿ ಎಲೆ. ಚೀಲ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಮತ್ತೆ ಅಷ್ಟೇ. ಹದಿನೇಳು ವರ್ಷದ ಹಿಂದೆ ಇವರು ಬೀದಿ ಬದಿಗೆ ಗಿಡ ನೆಡುವಾಗಲೇ ಹೇಳಿದ್ದೆ — ಗುಡಿಸುವವಳು ನಾನು, ನೆನಪಿರಲಿ. "ಅದು ಬೆಳೆಯೋ ಹೊತ್ತಿಗೆ ನಾವಿರ್ತೀವೋ ಇಲ್ವೋ ಬಿಡು" ಎಂದಿದ್ದರು. ನಾವು ಎಂದಿದ್ದರು. ಹೋದದ್ದು ಒಬ್ಬರೇ. ಇವತ್ತಿಗೆ ಐದು ತಿಂಗಳು.

ಬಸ್ಸಿಗೆ ಹೊತ್ತಾಯಿತು.

ಸಂಜೆ

ಆಸ್ಪತ್ರೆ ಲಾಂಡ್ರಿಯಲ್ಲಿ ಇವತ್ತು ನಾನೂರಕ್ಕೂ ಮೇಲೆ ಹೊದಿಕೆ. ಭುಜ ನನ್ನದಲ್ಲ ಅನ್ನಿಸುತ್ತಿದೆ. ಮನೆಗೆ ಬಂದರೆ ಕೆಳಗಿನ ದರ್ಜಿ ಬಾಗಿಲಲ್ಲೇ ನಿಂತಿದ್ದ, ಪ್ಯಾಂಟು ಮೊಣಕಾಲಿಗೆ ಮಡಚಿ. ಚರಂಡಿ ಪೈಪು ಕಟ್ಟಿದೆ. ಕೊಳಕು ನೀರು ಅವನ ತಾಯಿ ಮಲಗುವ ಕೋಣೆಯೊಳಗೆ. ಅಜ್ಜಿ ಎರಡು ವರ್ಷದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟಿದ್ದಾನೆ.

"ಮೂರನೇ ಸಲ ಅಕ್ಕಾ" ಎಂದ. ಅಷ್ಟೇ.

ಮಾರ್ಚ್ 5

ಪ್ಲಂಬರ್ ಬಂದ. ಪೈಪಿನೊಳಗಿನಿಂದ ಒಂದು ತೋಳುದ್ದ ಬೇರು ಎಳೆದು ಹಾಕಿದ. ಒದ್ದೆ ಕೂದಲಿನ ಹಾಗೆ.

"ನೀರೆಲ್ಲಿದೆಯೋ ಅಲ್ಲಿ ಇದರ ಮೂಗು. ಇವತ್ತು ತೆಗೆದೆ, ನಾಳೆ ಮತ್ತೆ ಬರುತ್ತೆ."

"ಈ ಕಡೆ ಬೇರಷ್ಟೇ ಕಡಿದರೆ?"

"ಕಡೀಬಹುದು. ಆಮೇಲೆ ಮರ ನಿಲ್ಲುತ್ತೆ ಅಂತ ನಾನು ಹೇಳಲ್ಲ. ಗಾಳಿಗೆ ಬಿದ್ದರೆ ನಿಮ್ಮ ತಲೆ ಮೇಲೇ."

ದರ್ಜಿ ಆ ಬೇರಿನ ಗೊಂಚಲನ್ನು ನೋಡುತ್ತ ನಿಂತಿದ್ದ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 9, ಭಾನುವಾರ

ಅಜ್ಜಿಯನ್ನು ನೋಡಿ ಬಂದೆ. ಫಿನಾಯಿಲ್ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ. ಹಾಸಿಗೆಯ ಅಂಚು ಇನ್ನೂ ಒದ್ದೆ.

"ಕಡಿಸ್ತೀಯೇನೇ?"

"ಗೊತ್ತಿಲ್ಲ ಅಜ್ಜಿ."

"ನಿನ್ನ ಗಂಡ ಆ ಮರಾನ ನೋಡಿದಷ್ಟು ನಿನ್ನ ಮುಖ ನೋಡಿಲ್ಲ. ಸವತಿ ಅದು ನಿಂಗೆ. ಸವತೀನ ಕಡಿಸೋಕೆ ಇಷ್ಟು ಯೋಚನೆ ಮಾಡೋ ಹೆಂಗಸನ್ನ ಇವತ್ತೇ ಕಂಡೆ."

ನಕ್ಕುಬಿಟ್ಟೆ. ಐದು ತಿಂಗಳ ಮೇಲೆ. ನಕ್ಕಿದ್ದಕ್ಕೆ ನಾಚಿಕೆಯಾಗಿ ಮೇಲೆ ಬಂದೆ. ಅಜ್ಜಿ ಹಿಂದಿನಿಂದ ಕೂಗಿದರು — "ಬೇಸಿಗೇಲಿ ನನ್ನ ಕೋಣೆ ತಂಪಿಡೋದೂ ಅದೇ ಕಣೇ!"

ಮಾರ್ಚ್ 10

ನಾದಿನಿಯ ಫೋನು. "ಅಣ್ಣ ಕೈಯಾರೆ ನೆಟ್ಟಿದ್ದು ಅತ್ತಿಗೆ. ಕಡಿಸಿದ್ರೆ ನಿಮಗೇ ನಿದ್ದೆ ಬರಲ್ಲ, ನೋಡ್ತಿರಿ." ಈಗ ಬರುತ್ತಿದೆ ಎಂದು ಇವಳಿಗೆ ಹೇಳಿದವರಾರು? ದೂರದ ಬೆಟ್ಟ ನುಣ್ಣಗೆ. ದೂರದ ಮರವೂ. ಒಂದು ವಾರ ಬಂದು ಗುಡಿಸು ಎನ್ನಬೇಕೆಂದಿದ್ದೆ... ಹ್ಞೂಂ ಎಂದು ಇಟ್ಟೆ.

ಮಾರ್ಚ್ 12

ಅರ್ಧ ದಿನ ರಜೆ. ಮರಗಳ ಆಫೀಸು. ನೆಟ್ಟು ಕಾಪಾಡುವವರು ಎಂದು ಅವರ ಪುಸ್ತಕದಲ್ಲಿ ಇವರ ಹೆಸರಿದೆ. ಮನೆಯವರ ಒಪ್ಪಿಗೆ ಇಲ್ಲದೆ ಕಡಿಯುವ ಹಾಗಿಲ್ಲ. ಮನೆಯವರು ಎಂದರೆ ಈಗ ನಾನೊಬ್ಬಳೇ.

ಗುಮಾಸ್ತ ಒಂದು ಫಾರಂ ಕೊಟ್ಟ. ಅನಾನುಕೂಲಗಳು — ನಾಲ್ಕು ಗೆರೆ. ನಿಲ್ಲಿಸದೆ ಬರೆದೆ. ಚರಂಡಿ. ಎದ್ದು ನಿಂತ ಫುಟ್‌ಪಾತ್ ಕಲ್ಲು, ಅಂಚೆಯವನು ಎಡವಿ ಬಿದ್ದದ್ದು. ವೈರಿಗೆ ತಾಗುವ ಕೊಂಬೆ. ಎಲೆ, ಹಿಕ್ಕೆ. ಗೆರೆ ಸಾಲಲಿಲ್ಲ. ಅನುಕೂಲಗಳು — ಅದಕ್ಕೂ ನಾಲ್ಕು. ನೆರಳು. ಧೂಳು ಕಡಿಮೆ. ಬಸ್ಸಿಗೆ ಕಾಯುವವರು ನಿಲ್ಲುತ್ತಾರೆ. ನಾಲ್ಕನೆಯದು ಬರೆಯಲಾಗಲಿಲ್ಲ. ಇದ್ದದ್ದು ಗೆರೆಯಲ್ಲಿ ಹಿಡಿಸುವಂಥದ್ದಲ್ಲ.

ಕೊನೆಗೆ — ಮರಕ್ಕೂ ಅರ್ಜಿದಾರರಿಗೂ ಇರುವ ಸಂಬಂಧ.

"ಇಲ್ಲಿ ಏನು ಬರೀಲಿ?"

"ಮನೆ ಮುಂದಿನದು ಅಂತ ಬರೀರಿ. ಎಲ್ಲರೂ ಅದನ್ನೇ ಬರೆಯೋದು."

ಪೆನ್ನು ಹಿಡಿದು ನಿಂತೆ.

"ಅಮ್ಮಾ, ಹಿಂದೆ ಸಾಲಿದೆ."

ಹಾಳೆ ಮಡಚಿ ಮನೆಗೆ ತಂದೆ.

ಮಾರ್ಚ್ 30, ಭಾನುವಾರ

ಹದಿನೆಂಟು ದಿನದಿಂದ ಹಾಳೆ ಡ್ರಾಯರಿನಲ್ಲೇ ಇತ್ತು. ಇವತ್ತು ಪೈಪು ಮತ್ತೆ ಕಟ್ಟಿತು. ಈ ಸಲ ನೀರು ಇಟ್ಟಿಗೆಗಿಂತ ಮೇಲೆ ಬಂತು. ದರ್ಜಿ ಅಜ್ಜಿಯನ್ನು ಎತ್ತಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದ. ಕಾಲು ನಾನು ಹಿಡಿದೆ. ಎಷ್ಟು ಹಗುರ... ಇವರೂ ಕೊನೆಗೆ ಹೀಗೇ ಆಗಿದ್ದರು.

"ಮೇಜಿನ ಮೇಲಿದ್ದೀನಲ್ಲ, ಹಾಗೇ ಅಳತೆ ತಗೊಂಡುಬಿಡಪ್ಪ" ಎಂದರು ಅಜ್ಜಿ. ಯಾರೂ ನಗಲಿಲ್ಲ.

ದರ್ಜಿಯ ಕಾಲ್ಬೆರಳ ಸಂದಿಯೆಲ್ಲ ಬಿಳಿಚಿ ಹುಣ್ಣಾಗಿದೆ. "ಅಣ್ಣ ಇದ್ದಿದ್ರೆ ಏನು ಮಾಡ್ತಿದ್ರು ಅಕ್ಕಾ?" ಕುಟುಕಲು ಕೇಳಿದ್ದಲ್ಲ. ನಿಜಕ್ಕೂ ಗೊತ್ತಿಲ್ಲದೆ ಕೇಳಿದ್ದು.

"ವಾರಕ್ಕೊಂದು ಸಲ ತಾವೇ ಪೈಪಿಗೆ ಕೈ ಹಾಕ್ತಿದ್ರು. ಮರಾನೂ ಬಿಡ್ತಿರಲಿಲ್ಲ, ನಿಮ್ಮನ್ನೂ ಬಿಡ್ತಿರಲಿಲ್ಲ. ನನ್ನ ಕೈಲಿ ಎರಡೂ ಆಗಲ್ಲಪ್ಪ."

ಮೇಲೆ ಬಂದು ಹಾಳೆ ತೆಗೆದೆ. ಸಂಬಂಧ ಎಂಬಲ್ಲಿ 'ಗುಡಿಸುವವಳು' ಎಂದು ಬರೆದು ಸಹಿ ಮಾಡಿದೆ. ಸಲೀಸಾಗಿ ಆಗಿಹೋಯಿತು. ಅದಕ್ಕೇ ಬೇಜಾರು.

ಏಪ್ರಿಲ್ 2

ಗುಮಾಸ್ತ ಆ ಗೆರೆ ಓದಿ ಕನ್ನಡಕ ಇಳಿಸಿ ನನ್ನನ್ನು ನೋಡಿದ. ತಿದ್ದಿಸಲಿಲ್ಲ. ಮೊಹರು ಒತ್ತಿದ. ಒಂದು ಕಡಿದರೆ ಎರಡು ನೆಡುತ್ತಾರಂತೆ.

"ಎಲ್ಲಿ?"

"ಜಾಗ ಇರೋ ಕಡೆ."

ಏಪ್ರಿಲ್ 11

ಕಡಿದರು. ನಾನು ಕೆಲಸಕ್ಕೆ ಹೋಗಿದ್ದೆ, ಬೇಕೆಂದೇ. ಸಂಜೆ ಬರುವಾಗ ತಿರುವಿನಲ್ಲಿ ನನ್ನ ಬೀದಿ ಗುರುತು ಸಿಗದೆ ಮುಂದಕ್ಕೆ ಹೋಗಿಬಿಟ್ಟೆ. ಬಸ್ಸಿಗೆ ಕಾಯುವವರು ಲೈಟು ಕಂಬದ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ನಿಂತಿದ್ದರು, ಗೆರೆ ಎಳೆದ ಹಾಗೆ. ಒಬ್ಬಾಕೆ ಯಾರನ್ನೋ ಶಪಿಸುತ್ತಿದ್ದಳು — "ಅವರ ಕೈಗಿಷ್ಟು..." ತಲೆ ತಗ್ಗಿಸಿ ಒಳಗೆ ಬಂದೆ.

ಕೆಳಗೆ ಅಜ್ಜಿಯ ಕೋಣೆಯ ನೆಲ ಒಣಗಿದೆ. ಅಜ್ಜಿ ಬೀಸಣಿಗೆ ಕೇಳುತ್ತಿದ್ದರು.

ಏಪ್ರಿಲ್ 13, ಭಾನುವಾರ, ಮಧ್ಯಾಹ್ನ 3.40

ಬಿಸಿಲು ಒಳಗೆ ಬಂದಿದೆ. ಎಷ್ಟು ವರ್ಷದ ಮೇಲೋ. ಮೊದಲು ನೆಲ, ಆಮೇಲೆ ಕುರ್ಚಿ, ಈಗ ಎದುರಿನ ಗೋಡೆ. ಗೋಡೆಯ ಮೊಳೆಯಲ್ಲಿ ಇವರ ನೀಲಿ ಅಂಗಿ. ಆಸ್ಪತ್ರೆಗೆ ಹೊರಟ ದಿನ ಬಿಚ್ಚಿ ಹಾಕಿದ್ದು. ಬಂದು ಇದನ್ನೇ ಹಾಕ್ಕೋತೀನಿ, ಒಗೀಬೇಡ ಎಂದಿದ್ದರು. ಊರವರ ಬಟ್ಟೆಯೆಲ್ಲ ಒಗೆದೆ. ಅದೊಂದನ್ನು ಮುಟ್ಟಿಲ್ಲ.

ಬಿಸಿಲು ತೋಳು ದಾಟಿ ಜೇಬಿಗೆ ಬಂತು. ದಿನಾ ಹೀಗೆ ಬಿದ್ದರೆ ಎರಡು ತಿಂಗಳಿಗೆ ಬಣ್ಣ ಉಳಿಯುವುದಿಲ್ಲ. ಕಿಟಕಿಗೆ ಪರದೆ ಇಲ್ಲ, ಇಷ್ಟು ವರ್ಷ ಬೇಕಾಗಿರಲಿಲ್ಲ. ಅಂಗಿ ತೆಗೆಯಬೇಕು. ಮಡಚಿ ಒಳಗಿಡಬೇಕು. ಮಡಚುವುದೇನು ನನಗೆ ಹೊಸದೇ... ಮೊದಲು ಗುಂಡಿ. ಆಮೇಲೆ ತೋಳು ಹಿಂದಕ್ಕೆ. ಆಮೇಲೆ —